ಹನೀನಳ ಮನೆ ಸುಟ್ಟ ಪ್ರಕರಣ

ನಮ್ಮಪ್ಪ ಅಬೂ ನಾಯೆಫ್ ಅವರು ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ವಾರವೇ ಒಂದು ನಿಲುವಂಗಿ ಹೊಲಿಸಿಕೊಂಡರು. ಒಂಟೆ ಬಣ್ಣದ್ದು, ಅಂಚಿಗೆ ಜರಿ. ಮೀಟರು ಓದುವವರ ಮೇಲ್ವಿಚಾರಣೆ ಮಾಡಿಕೊಂಡಿದ್ದವರಿಗೆ ಜರಿ ಅಂಚು ಯಾಕೆ ಎಂದು ಅಮ್ಮ ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ನಮ್ಮ ಇರ್ಬಿದ್ ಊರಿನಲ್ಲಿ ಎರಡು ಮನೆತನಗಳ ನಡುವೆ ಏನಾದರೂ ಕೆಟ್ಟದ್ದು ನಡೆದರೆ ತಪ್ಪು ಮಾಡಿದವರ ಪರವಾಗಿ ಹಿರಿಯರ ಒಂದು ದಂಡು ನೊಂದವರ ಮನೆಗೆ ಕ್ಷಮೆ ಕೇಳಲು ಹೋಗುತ್ತದೆ. ಅದೇ ಜಾಹಾ. ಅದರ ಮುಂದಾಳು ಮಾತಾಡುತ್ತಾನೆ, ಉಳಿದವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಪ್ಪ ಜೀವಮಾನವಿಡೀ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡವರು. ಒಂದೇ ಒಂದು ಸಲ ಮುಂದಾಳಾಗಬೇಕು ಎನ್ನುವುದು ಅವರ ಆಸೆ.

ನಿಲುವಂಗಿ ಸಿದ್ಧವಾಗಿತ್ತು, ಜಗಳ ಸಿಗಲಿಲ್ಲ. ಪಕ್ಕದ ಬೀದಿಯಲ್ಲಿ ಯಾರಾದರೂ ದನಿ ಏರಿಸಿದರೆ ಅಪ್ಪ ಬಾಲ್ಕನಿಗೆ ಓಡಿ ಬರುತ್ತಿದ್ದರು. ಜಗಳವಾಡಿದವರು ರಾಜಿಯಾಗಿ ನಕ್ಕುಬಿಟ್ಟರೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಈಗಿನ ಜನಕ್ಕೆ ಸ್ವಾಭಿಮಾನವೇ ಇಲ್ಲ ಎಂದು ಊಟದ ಹೊತ್ತಿಗೆ ಕೊರಗುತ್ತಿದ್ದರು.

ಇನ್ನು ನಮ್ಮ ವಿಷಯ. ನಾನು ಅರೀಜ್, ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರು. ನಮ್ಮ ಮೇಲಿನ ಮಹಡಿಯಲ್ಲಿ ತಾಯಿಯ ಜೊತೆ ಇರುವ ರುಲಾ ಹಲ್ಲಿನ ಡಾಕ್ಟರು. ಹಾಜಿ ಅಬೂ ಗಾಲಿಬ್ ಅವರ ಮಗಳು ಹನೀನ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಉಮ್ ಬಾಸಿಲ್ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಪಾರ್ಲರಿನ ಮುಂಭಾಗದಲ್ಲಿ ಕೂದಲು ಒಣಗಿಸುವ ಕುರ್ಚಿಗಳು, ಪರದೆಯ ಹಿಂದೆ ಕಂಪ್ಯೂಟರುಗಳು. ಎರಡು ವರ್ಷದಿಂದ ಸಂಜೆಯಾದರೆ ನಾವು ನಾಲ್ವರೂ ಪರದೆಯ ಹಿಂದೆ ಕೂತು ವಿಡಿಯೋ ಗೇಮ್ ಆಡುತ್ತೇವೆ. ನಾವಷ್ಟೇ ಅಲ್ಲ, ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಪರದೆಯ ಹಿಂದಿನವರೇ. ಊರಿನ ಗಂಡಸರು ತಮ್ಮ ಹೆಂಗಸರು ದಿನಾ ಮೂರು ಗಂಟೆ ಪಾರ್ಲರಿನಲ್ಲಿದ್ದು, ಹೋದ ತಲೆಯಲ್ಲೇ ವಾಪಸು ಬರುವುದನ್ನು ನೋಡುತ್ತಲೇ ಇದ್ದಾರೆ. ನಾವು ಮುಚ್ಚಿಟ್ಟದ್ದು ಏನೂ ಇಲ್ಲ. ಯಾರೂ ಕೇಳಲಿಲ್ಲ, ಅಷ್ಟೆ.

ಆ ವಸಂತದಲ್ಲಿ ನಾವು ಹೆಂಗಸರ ಪಂದ್ಯಾವಳಿಯ ಫೈನಲ್ ತಲುಪಿದೆವು. ಶುಕ್ರವಾರ ಮಧ್ಯಾಹ್ನ, ರಾಜಧಾನಿ ಅಮ್ಮಾನಿನಲ್ಲಿ. ತಂಡಕ್ಕೆ ನಾಲ್ವರೇ, ಬದಲಿ ಆಟಗಾರ್ತಿ ಇಲ್ಲ. ನನಗೆ ಅದು ಎಷ್ಟು ಬೇಕಾಗಿತ್ತೆಂದು ಹೇಳಲು ನಾಚಿಕೆಯಿಲ್ಲ. ದಿನವಿಡೀ ನಾನು ಮಿಸ್ಸು, ಮನೆಗೆ ಬಂದರೆ ಅಬೂ ನಾಯೆಫ್‌ರ ಮದುವೆಯಾಗದ ಮಗಳು. ಆ ಪರದೆಯ ಹಿಂದೆ ಮಾತ್ರ ನಾನು, ಎಲ್ಲರೂ ಹೆದರುವ ಒಬ್ಬ ಬಿಲ್ಲುಗಾತಿ.

ಪಂದ್ಯದ ಅಭ್ಯಾಸ ಮುಗಿದ ಮೇಲೆ ತಲೆ ಹಗುರಾಗಲೆಂದು ನಾವು ಇನ್ನೊಂದು ಆಟ ಆಡುತ್ತಿದ್ದೆವು. ಚೌಕದ ಕಲ್ಲು, ಮರ ಜೋಡಿಸಿ ಮನೆ ಕಟ್ಟುವ ಆಟ. ಹನೀನ್ ಅದರಲ್ಲಿ ಕಣಿವೆಯೊಂದರ ತಲೆಯಲ್ಲಿ ಮರದ ಮನೆ ಕಟ್ಟಿ, ತೋಟ ಬೆಳೆಸಿ, ಕುರಿ ಸಾಕಿದ್ದಳು. ಒಂದು ಶನಿವಾರ ರುಲಾ ಅಲ್ಲಿಗೆ ಅತಿಥಿಯಾಗಿ ಹೋದವಳು ಒಲೆ ಹೊತ್ತಿಸಿ ಮರೆತು ಎದ್ದುಬಂದಳು. ಮನೆ ಪೂರ್ತಿ ಸುಟ್ಟುಹೋಯಿತು.

ಮರುದಿನ ಬೆಳಿಗ್ಗೆ ಹನೀನ್ ಅಳುತ್ತಾ ಕಳಿಸಿದ ಧ್ವನಿ ಸಂದೇಶವನ್ನು ನಾನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಹಾಕಿಕೊಂಡು ಕೇಳುತ್ತಿದ್ದೆ. ರುಲಾ ನನ್ನ ಮನೆ ಸುಟ್ಟುಬಿಟ್ಟಳು, ಒಂದು ಕಂಬವೂ ಉಳಿದಿಲ್ಲ, ಕುರಿಗಳೆಲ್ಲಾ ಒಳಗಿದ್ದವು ಎಂದು ಅವಳ ಗೋಳು. ಅಪ್ಪ ಬಾಗಿಲಲ್ಲಿ ಬಂದು ನಿಂತರು.

"ಯಾವ ರುಲಾ? ಮೇಲಿನ ಮನೆ ಡಾಕ್ಟರಾ?"

"ಹೂಂ ಅಪ್ಪ."

"ಬೇಕು ಅಂತ ಸುಟ್ಟಳಾ?"

"ಇಲ್ಲಪ್ಪ. ಒಲೆ ಆರಿಸೋದು ಮರೆತಳು."

"ಕುರಿ?"

"ಎಲ್ಲಾ ಹೋದ್ವು."

"ಇವಳು ಹೋಗಿ ಕ್ಷಮೆ ಕೇಳಿದಳಾ?"

"ಎಲ್ಲಿ ಕೇಳ್ತಾಳೆ. ಇನ್ನೊಂದು ಕಟ್ಕೋ, ಏನು ಮಹಾ ಅಂದಳಂತೆ."

ಅಪ್ಪನ ಕಣ್ಣುಗಳು ಹೊಳೆದವು. ನಮ್ಮಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಶಾಲೆಗೆ ಹೊತ್ತಾಯಿತೆಂದು ನಾನು ಚೀಲ ಹಿಡಿದು ಓಡಿದೆ. ಅವರು ಕೇಳಿದ್ದಕ್ಕೆಲ್ಲ ನಾನು ಸತ್ಯವನ್ನೇ ಹೇಳಿದ್ದೆ. ಕೇಳಬೇಕಾದ ಒಂದು ಪ್ರಶ್ನೆಯನ್ನು ಅವರು ಕೇಳಲಿಲ್ಲ.

ಯಾರಾದರೂ ಅಬೂ ಗಾಲಿಬ್‌ರಿಗೆ ಒಂದು ಫೋನ್ ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಪ್ರದಾಯ ಬಲ್ಲವರು ಹಾಗೆ ಮಾಡುವುದಿಲ್ಲ. ನೊಂದವರ ಜೊತೆ ಮೊದಲ ಮಾತು ಜಾಹಾದ್ದೇ ಆಗಬೇಕು. ಅದಕ್ಕೆ ಮೊದಲು ಫೋನ್ ಮಾಡಿ "ನಿಮ್ಮ ಮನೆ ಸುಟ್ಟಿದೆಯಂತಲ್ಲ, ಹೌದಾ?" ಎಂದು ವಿಚಾರಿಸುವುದು ಗಾಯಕ್ಕೆ ಉಪ್ಪು ಹಾಕಿದ ಹಾಗೆ. ಅಪ್ಪ ಸಂಪ್ರದಾಯವನ್ನು ಅಕ್ಷರಶಃ ಪಾಲಿಸಿದರು. ಮೇಲಿನ ಮನೆಯಲ್ಲಿ ಗಂಡು ದಿಕ್ಕಿಲ್ಲ, ನೆರೆಯವನಾಗಿ ಈ ಭಾರ ನಾನೇ ಹೊರಬೇಕು ಎಂದು ಎಲ್ಲರಿಗೂ ಹೇಳಿಕೊಂಡು ಮಧ್ಯಾಹ್ನದೊಳಗೆ ನಲವತ್ತು ಗಂಡಸರನ್ನು ಕೂಡಿಸಿ ಬಸ್ಸು ಗೊತ್ತುಮಾಡಿದರು. ಜಾಹಾಕ್ಕೆ ತೂಕ ಬರಲೆಂದು ಅಬೂ ಫವ್ವಾಜ್ ಪಾಷಾ ಅವರನ್ನೂ ಕರೆದರು. ಪಾಷಾ ಎರಡು ಚುನಾವಣೆ ಸೋತವರು, ಆದರೆ ಊರಿನ ಯಾವ ಜಾಹಾವನ್ನೂ ತಪ್ಪಿಸಿಕೊಂಡವರಲ್ಲ. ತಮಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಇದೆ ಎಂದು ಅವರು ಈವರೆಗೆ ಒಪ್ಪಿಕೊಂಡದ್ದಿಲ್ಲ. ಇಷ್ಟೆಲ್ಲಾ ಆಗುವಾಗ ಮನೆ ಸುಟ್ಟ ರುಲಾ ತನ್ನ ಕ್ಲಿನಿಕ್ಕಿನಲ್ಲಿ ಯಾರದೋ ದವಡೆ ಹಲ್ಲು ಕೀಳುತ್ತಿದ್ದಳು. ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಜಾಹಾ ಅಬೂ ಗಾಲಿಬ್‌ರ ಮನೆ ಹೊಕ್ಕಾಗ ನಾನು ಹನೀನಳನ್ನು ಸಮಾಧಾನ ಮಾಡಲು ಶಾಲೆಯಿಂದ ನೇರ ಅಲ್ಲಿಗೇ ಹೋಗಿದ್ದೆ. ಒಳಗಿನ ಕೋಣೆಯಲ್ಲಿ ಅವಳ ಲ್ಯಾಪ್‌ಟಾಪಿನ ಮುಂದೆ ಬೂದಿಯ ನಡುವೆ ಕುರಿಗಳನ್ನು ಹುಡುಕುತ್ತಿದ್ದೆವು. ಹೊರಗಿನ ಗದ್ದಲ ಕೇಳಿ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿರಬೇಕೆಂದುಕೊಂಡು ಇಬ್ಬರೂ ಬಾಗಿಲ ಸಂದಿಗೆ ಕಿವಿಕೊಟ್ಟೆವು. ಅಪ್ಪನ ದನಿ ಕೇಳಿಸಿತು.

"ಹಾಜಿ, ನಾವು ತಲೆ ತಗ್ಗಿಸಿ ಬಂದಿದ್ದೀವಿ. ನಿಮ್ಮ ಮನೆಗೆ ಬೆಂಕಿ ಬಿದ್ದಿದೆ. ಅದನ್ನ ಹಚ್ಚಿದ ಕೈ ನನ್ನ ನೆರೆಮನೇದು. ನೀವು ಮಾತು ಕೊಡೋವರೆಗೂ ಈ ಕಾಫಿ ನಾವು ಮುಟ್ಟಲ್ಲ."

ನಲವತ್ತು ಬಟ್ಟಲುಗಳು ಮೇಜಿನ ಮೇಲೆ ಕೂತವು. ಈ ಮನೆ ನೆಟ್ಟಗೆ ನಿಂತಿದ್ದರಿಂದ ಸುಟ್ಟದ್ದು ಹಾಜಿಯವರ ಇನ್ನೊಂದು ಮನೆ ಇರಬೇಕೆಂದು ದಂಡು ತಾನೇ ಲೆಕ್ಕ ಹಾಕಿಕೊಂಡಿತ್ತು. ಅಬೂ ಗಾಲಿಬ್ ತಮ್ಮ ಮನೆಯ ಸೂರನ್ನು ನೋಡಿದರು. ಗೋಡೆ ನೋಡಿದರು. ಹೋದ ತಿಂಗಳಷ್ಟೇ ಸುಣ್ಣ ಬಳಿಸಿದ್ದರು. ಇವರ ಜಾಗದಲ್ಲಿ ಬೇರೆ ದೇಶದವರಿದ್ದರೆ ಬಾಯಿಬಿಟ್ಟು ಕೇಳುತ್ತಿದ್ದರು. ಆದರೆ ಮನೆಗೆ ಬಂದ ಅತಿಥಿಯ ಮಾತನ್ನು ಅಲ್ಲಗಳೆಯುವುದು ಹೇಗೆ? ಅಲ್ಲದೆ ಪಾಷಾ ಸಮೇತ ನಲವತ್ತು ಜನ ತಮ್ಮ ಮುಂದೆ ತಲೆ ತಗ್ಗಿಸಿ ಕೂತಿದ್ದಾರೆ. ಅಂಥ ಗೌರವ ಅವರ ಅಪ್ಪನಿಗೂ ಸಿಕ್ಕಿರಲಿಲ್ಲ. ಕಣಿವೆ ಕಡೆ ತೋಟದಲ್ಲಿ ತಮಗೊಂದು ಗುಡಿಸಲಿದೆ ಎನ್ನುವುದು ಜ್ಞಾಪಕಕ್ಕೆ ಬಂದು ಅವರ ದುಃಖಕ್ಕೆ ಒಂದು ಆಧಾರ ಸಿಕ್ಕಿತು. ಅವರು ನಿಟ್ಟುಸಿರಿಟ್ಟು ಷರತ್ತು ಹೇಳಿದರು. ಸುಟ್ಟವಳೇ ತನ್ನ ಕೈಯಾರೆ ಮನೆ ಇದ್ದ ಹಾಗೇ ಕಟ್ಟಿಕೊಡಬೇಕು. ಹಿರಿಯರು ನೋಡಿ ಒಪ್ಪಬೇಕು. ಅಲ್ಲಿಯವರೆಗೆ ಆ ಡಾಕ್ಟರೂ ತಮ್ಮ ಮಗಳೂ ಒಂದೇ ಸೂರಿನಡಿ ಇರಕೂಡದು.

ನಲವತ್ತು ಜನ ಒಟ್ಟಿಗೆ ತಣ್ಣನೆಯ ಕಾಫಿ ಕುಡಿದರು. ಬಾಗಿಲ ಹಿಂದೆ ನಾವಿಬ್ಬರೂ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಿದ್ದೆವು. ಒಂದೇ ಸೂರು ಎಂದ ಕೂಡಲೇ ನಮ್ಮ ನಗು ನಿಂತಿತು. ಅಮ್ಮಾನಿನ ಪಂದ್ಯದ ಮನೆಗೂ ಸೂರು ಒಂದೇ.

ದಂಡು ಹೋದ ಮೇಲೆ ಅಬೂ ಗಾಲಿಬ್ ಒಳಗೆ ಬಂದು, ಆ ಡಾಕ್ಟರು ಸುಟ್ಟದ್ದು ತೋಟದ ಗುಡಿಸಲನ್ನು ತಾನೇ ಎಂದು ಮಗಳನ್ನು ಕೇಳಿದರು. ಹನೀನ್ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ಬೂದಿ ತೋರಿಸಿದಳು. ಅವರು ಮಂಚದ ಅಂಚಿನಲ್ಲಿ ಕುಸಿದು ಕೂತರು. 

"ನಲವತ್ತು ಜನರ ಮುಂದೆ ಮಾತು ಕೊಟ್ಟಾಗಿದೆ," ಎಂದರು ಕೊನೆಗೆ. "ಮನೆ ಸುಟ್ಟಿದೆ. ಯಾರಾದ್ರೂ ಕೇಳಿದ್ರೆ ಒಳ್ಳೇ ಮನೆಯಾಗಿತ್ತು ಅಂತ ಹೇಳು."

ಮನೆಗೆ ಬಂದು ಅಪ್ಪನಿಗೂ ವಿಷಯ ಬಿಡಿಸಿ ಹೇಳಿದೆ. ಅವರು ನಿಲುವಂಗಿ ಮಡಿಸುತ್ತಿದ್ದರು, ಕೈ ಅಲ್ಲೇ ನಿಂತಿತು. ಅಮ್ಮನ ಹತ್ತಿರ ನೀರು ಕೇಳಿ ಕುಡಿದರು. ಅಬೂ ಗಾಲಿಬ್‌ರಿಗೆ ಇದು ಗೊತ್ತಾ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಬೇಡ, ಹೇಳಬೇಡ, ಗೊತ್ತಿಲ್ಲ ಅಂತಲೇ ಇರಲಿ ಎಂದು ತಾವೇ ತೀರ್ಮಾನ ಮಾಡಿದರು. ನಾನು ಶುಕ್ರವಾರದ ಪಂದ್ಯದ ವಿಷಯ ಎತ್ತಿ ಬೇಡಿಕೊಂಡೆ, ಆ ಷರತ್ತನ್ನಾದರೂ ತೆಗೆಸಿ ಎಂದೆ. ಆಟಕ್ಕೋಸ್ಕರ ಪಾಷಾ ಅವರ ಮುಂದೆ ನಗೆಪಾಟಲಾಗಲೇ ಎಂದು ಅವರು ಸಿಡುಕಿದರು. ಆಟಕ್ಕೋಸ್ಕರವೇ ಅವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋದದ್ದಲ್ಲವೇ ಎಂದು ಅಮ್ಮ ಒಳಗಿನಿಂದ ಕೇಳಿದಳು. ಅಪ್ಪನಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಮಂದವಾಗಿತ್ತು.

ಹೀಗೆ ರುಲಾ ಹಗಲೆಲ್ಲಾ ಹಲ್ಲು ಕಿತ್ತು ಸಂಜೆಯೆಲ್ಲಾ ಮನೆ ಕಟ್ಟತೊಡಗಿದಳು. ಹನೀನ್ ಸಂಜೆಯೆಲ್ಲಾ ಮನೆಯಲ್ಲೇ ಬಂದಿ. ಪಾರ್ಲರಿನಲ್ಲಿ ತಂಡದ ಅಭ್ಯಾಸ ನಿಂತಿತು. ಮದುವಣಗಿತ್ತಿಯರ ಕೂದಲಿಗೆ ಪಿನ್ನು ಚುಚ್ಚುತ್ತಲೇ ಉಮ್ ಬಾಸಿಲ್ ಊರಿನ ಹಿರಿಯರೆಲ್ಲರಿಗೂ ಹೆಸರು ಹಿಡಿದು ಶಾಪ ಹಾಕುತ್ತಿದ್ದಳು. ಗುರುವಾರ ಬೆಳಗಾಗುವಷ್ಟರಲ್ಲಿ ಮನೆ ಎದ್ದು ನಿಂತಿತ್ತು. ಇನ್ನು ಹಿರಿಯರು ನೋಡಿ ಒಪ್ಪಿದರೆ ಶುಕ್ರವಾರ ನಮ್ಮದು.

ಅಪ್ಪ ತಾವು ಮತ್ತು ಅಬೂ ಗಾಲಿಬ್ ಇಬ್ಬರೇ ನೋಡಿ ಮುಗಿಸುವ ಯೋಚನೆಯಲ್ಲಿದ್ದರು. ಆದರೆ ಪಾಷಾ ತಾವೂ ಬರುವುದಾಗಿ ಹೇಳಿಕಳಿಸಿದರು. ಅಂದು ಸಂಜೆ ಉಮ್ ಬಾಸಿಲ್ ಗಿರಾಕಿಗಳನ್ನೆಲ್ಲಾ ಕಳಿಸಿ, ಗೋಡೆಯ ಮೇಲಿನ ಮದುವಣಗಿತ್ತಿಯರ ಚಿತ್ರಗಳಿಗೆ ಟವೆಲು ಹೊದಿಸಿ, ಪಾರ್ಲರ್ ಶುರುವಾದ ಮೇಲೆ ಮೊದಲ ಸಲ ಗಂಡಸರಿಗೆ ಬಾಗಿಲು ತೆರೆದಳು. ಪರದೆ ಸರಿಸಿ ಒಂದು ಕಂಪ್ಯೂಟರನ್ನು ಈಚೆ ತಿರುಗಿಸಿದಳು. ಕೂರಲು ಇದ್ದದ್ದು ಕೂದಲು ಒಣಗಿಸುವ ಕುರ್ಚಿಗಳು ಮಾತ್ರ. ಮೂವರು ಹಿರಿಯರೂ ತಲೆಯ ಮೇಲೆ ಒಂದೊಂದು ಬಿಳಿ ಬುಟ್ಟಿ ಇಳಿಬಿಟ್ಟ ಹಾಗೆ ಸಾಲಾಗಿ ಕೂತರು.

"ಮನೆ ಎಲ್ಲಿದೆ?" ಎಂದರು ಪಾಷಾ.

ಅಪ್ಪ ಇಲ್ಲೇ ಕಾಣುತ್ತದೆ ಎಂದು ಕಂಪ್ಯೂಟರಿನ ಕಡೆ ಕೈ ತೋರಿಸಿದರು.  ಪಾಷಾ ಕನ್ನಡಕ ಹಾಕಿಕೊಂಡು ನೋಡಿ ತಲೆಯಾಡಿಸಿದರು. "ಗೊತ್ತು, ಗೊತ್ತು. ನನ್ನ ಮಗ ರಿಯಾದಿನಲ್ಲಿ ಫ್ಲ್ಯಾಟ್ ತಗೊಂಡಾಗ್ಲೂ ಹೀಗೇ ಕ್ಯಾಮೆರಾದಲ್ಲೇ ತೋರಿಸಿದ್ದ."

 ನಾನು ಮೌಸ್ ಹಿಡಿದು ಅವರನ್ನು ಅಂಗಳದಲ್ಲಿ ಸುತ್ತಾಡಿಸಿದೆ. ಅವರು ಪಾಯದ ಕಲ್ಲನ್ನು ಮೆಚ್ಚಿ, ಅಜ್ಲೂನ್ ಕಡೆಯದೇ ಇರಬೇಕು, ಅಂಚು ಎಷ್ಟು ನೇರವಾಗಿ ಕಡಿದಿದ್ದಾರೆ ಎಂದರು. ಕೊಟ್ಟಿಗೆಯ ಹತ್ತಿರ ಬಂದಾಗ ಹುಬ್ಬು ಗಂಟಿಕ್ಕಿದರು.

"ಈ ಕುರಿ ಯಾಕೆ ಚೌಕ ಇದೆ?"

"ರೊಮೇನಿಯಾದ್ದು ಪಾಷಾ," ಎಂದರು ಅಪ್ಪ.

"ಅದೇ ಅಂದ್ಕೊಂಡೆ. ನಮ್ಮ ನಾಡ ಕುರಿ ಹೀಗಿರಲ್ಲ."

ಅಷ್ಟರಲ್ಲಿ ಆಟದ ಸೂರ್ಯ ಮುಳುಗಿ ಕತ್ತಲಾಯಿತು. ಪಾರ್ಲರಿನ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಪಾಷಾ ಕಿಟಕಿ ನೋಡಿದರು, ಕಂಪ್ಯೂಟರು ನೋಡಿದರು. 

"ಕಣಿವೇಲಿ ಬೇಗ ಕತ್ತಲಾಗುತ್ತೆ," ಎಂದರು ಅಬೂ ಗಾಲಿಬ್.

ಅಪ್ಪ ಬೆಚ್ಚಿ ಅವರ ಕಡೆ ತಿರುಗಿದರು. ಇಬ್ಬರೂ ತಮ್ಮ ತಮ್ಮ ಬುಟ್ಟಿಯಡಿಯಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಇವನಿಗೂ ಗೊತ್ತು ಎನ್ನುವುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಆ ಕ್ಷಣದಿಂದ ಅವರು ಒಂದೇ ತಾಯಿಯ ಮಕ್ಕಳಾದರು. ಹಸಿರು ಮುಖದ ಪಿಶಾಚಿಯೊಂದು ಕೈ ಚಾಚಿಕೊಂಡು ಬಾಗಿಲಿಗೆ ಬಂದಾಗ ಪಾಷಾ ಇವನ್ಯಾರು ಎಂದರು, ಕಾವಲುಗಾರ ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಪಾಪ, ಇವನಿಗೆ ಯಾರೂ ಸಂಬಳ ಕೊಟ್ಟ ಹಾಗಿಲ್ಲ ಎಂದು ಪಾಷಾ ಮರುಗಿದರು.

ಎಲ್ಲಾ ಒಪ್ಪಿಗೆಯಾಯಿತು ಎನ್ನುವಷ್ಟರಲ್ಲಿ ಪಾಷಾ ಅತಿಥಿಗಳ ಕೋಣೆಯಲ್ಲಿ ನಿಂತುಬಿಟ್ಟರು. ಇದರಲ್ಲಿ ಹತ್ತು ಜನ ಕೂರುವುದು ಕಷ್ಟ, ಹಾಜಿಯವರ ಮನೆತನಕ್ಕೆ ಇದು ಅವಮಾನ, ಗೋಡೆ ಹಿಂದಕ್ಕೆ ಹೋಗಬೇಕು ಎಂದರು. ಇದ್ದ ಹಾಗೇ ಕಟ್ಟುವುದು ತಾನೇ ಷರತ್ತು ಎಂದು ಅಬೂ ಗಾಲಿಬ್ ಮೆಲ್ಲನೆ ಹೇಳಿದರೆ, ನಿಮ್ಮ ದೊಡ್ಡತನ ನೀವು ಹೇಳ್ತೀರಿ, ನಾವು ಒಪ್ಪಬಾರದು ಎಂದರು. ರುಲಾ ಹಲ್ಲು ಕಡಿಯುತ್ತಾ ಬಂದು ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ಗೋಡೆ ಒಡೆದು, ಹೊಸ ಗೋಡೆ ಎಬ್ಬಿಸಿ, ಚಾವಣಿ ಹೊದಿಸಿದಳು. ಪಾಷಾ ಬಿಟ್ಟ ಬಾಯಿ ಬಿಟ್ಟಹಾಗೇ ನೋಡಿದರು.

"ನಮ್ಮ ಮಹಡಿಗೆ ಮೂರು ವರ್ಷ ತಗೊಂಡ್ರು ಕಳ್ಳರು. ಆ ಮೇಸ್ತ್ರಿ ಯಾರು ಅಂತ ಸ್ವಲ್ಪ ಹೇಳಮ್ಮ."

"ನಾನೇ," ಎಂದಳು ರುಲಾ.

"ಡಾಕ್ಟರಮ್ಮನಿಗೆ ತಮಾಷೆ," ಎಂದು ಪಾಷಾ ನಕ್ಕು, ಮನೆ ಒಪ್ಪಿಗೆಯಾಯಿತು ಎಂದು ಸಾರಿದರು. ರುಲಾ, ಉಮ್ ಬಾಸಿಲ್, ನಾನು ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಆಗ ಪಾಷಾ ಎದ್ದು, ರಾಜಿಯ ಊಟ ನಾಳೆ ಶುಕ್ರವಾರವೇ, ನಮಾಜು ಮುಗಿದ ಮೇಲೆ, ಅಬೂ ನಾಯೆಫ್‌ರ ಮನೆಯಲ್ಲಿ, ಜಾಹಾಕ್ಕೆ ಬಂದವರೆಲ್ಲರಿಗೂ ಮನ್ಸಫ್ ಎಂದರು. ನಲವತ್ತು ಜನಕ್ಕೆ ಮನ್ಸಫ್ ಎಂದರೆ ಕುರಿಮಾಂಸ ಬೇಯಿಸಿ, ಒಣಮೊಸರು ನೆನೆಸಿ ಕದಡಿ, ಅನ್ನ ಮಾಡಿ ಮುಗಿಸುವಷ್ಟರಲ್ಲಿ ಎರಡೂ ಮನೆಯ ಹೆಂಗಸರಿಗೆ ಸಂಜೆಯಾಗುತ್ತದೆ. ಅಪ್ಪ ನನ್ನ ಮುಖ ನೋಡಿದರು. ನೋಡಿಯೂ, ನಮ್ಮ ಭಾಗ್ಯ ಪಾಷಾ ಎಂದರು. ಅವರ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಮೊದಲ ಸಲ.

ಮನೆಗೆ ಬಂದು ಕೋಣೆ ಸೇರಿ ಅತ್ತೆ. ಅಮ್ಮ ಬಂದು ಯಾಕೆಂದು ವಿಚಾರಿಸಿದಳು, ಹೇಳಿದೆ. ಅವಳು ಎದ್ದು ಹೋದಳು. ಬೆಳಿಗ್ಗೆ ಕುರಿಮಾಂಸ ಬಂದು ಅಂಗಳದಲ್ಲಿ ಬಿತ್ತು, ಬಾಡಿಗೆಯ ಕೊಪ್ಪರಿಗೆ ಬಂತು, ಅಪ್ಪ ಅಮ್ಮನನ್ನು ಕೂಗಿದರು. ಅಮ್ಮ ಹೊರಗೆ ಹೋಗುವ ಕಪ್ಪು ಬಟ್ಟೆ ತೊಟ್ಟು, ಕೈಚೀಲ ಹಿಡಿದು ಬಂದಳು.

"ಎಲ್ಲಿಗೆ ಹೊರಟೆ?"

"ಪಾರ್ಲರಿಗೆ."

"ಇವತ್ತಾ? ಅಡುಗೆ?"

"ರಾಜಿ ಮಾಡಿಸಿದವರು ಅಡುಗೇನೂ ಮಾಡ್ಕೊಳ್ಳಿ. ಮೊಸರು ಕದಡೋವಾಗ ಕೈ ನಿಲ್ಲಿಸಬೇಡಿ, ಒಡೆದುಹೋಗುತ್ತೆ."

ಬೀದಿಯಲ್ಲಿ ಉಮ್ ಬಾಸಿಲಳ ಕಾರು ನಿಂತಿತ್ತು. ಒಳಗೆ ರುಲಾ ಮತ್ತು ಹನೀನ್, ಒಂದೇ ಸೂರಿನಡಿ, ಈ ಮನೆ ಸುಟ್ಟದ್ದು ಯಾರ ತಪ್ಪು ಎಂದು ಜಗಳವಾಡುತ್ತಿದ್ದರು. ಹನೀನಳ ತಾಯಿಗೂ ಅದೇ ದಿನ ಕೂದಲಿಗೆ ಬಣ್ಣ ಹಾಕಿಸಬೇಕೆನಿಸಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಪ್ಪನಿಗೆ ಎಲ್ಲಿಗೆ ಹೋಗುತ್ತಿದ್ದೇವೆಂದು ಚೆನ್ನಾಗಿಯೇ ಗೊತ್ತಿತ್ತು. ಕೊಪ್ಪರಿಗೆಯ ಪಕ್ಕ ಸೌಟು ಹಿಡಿದು ನಿಂತು, ಬೇಗ ಬನ್ನಿ ಎಂದಷ್ಟೇ ಹೇಳಿದರು.

ಅಮ್ಮಾನಿನ ಆ ಸಭಾಂಗಣದಲ್ಲಿ ದೇಶದ ಮೂಲೆಮೂಲೆಯ ಹೆಂಗಸರು ತುಂಬಿದ್ದರು. ಅಜ್ಜಿಯಂದಿರು, ಕಾಲೇಜಿನವರು, ಎದೆಗೆ ಮಗು ಕಟ್ಟಿಕೊಂಡವರು, ಎಲ್ಲರ ಕಿವಿಗೂ ಹೆಡ್‌ಫೋನು. ಇಷ್ಟು ಜನವಾ ಎಂದು ಅಮ್ಮ ಬೆರಗಾದಳು. ನಮಗೆ ಎದುರಾಳಿಗಳು ಅಕಬಾದ ಹುಡುಗಿಯರು, ಬಲು ಚುರುಕು. ಸಮಸಮವಾಗಿ ಕೊನೆಯ ಸುತ್ತಿಗೆ ಬಂದೆವು. ನಾನೂ ಉಮ್ ಬಾಸಿಲಳೂ ಉರುಳಿಬಿದ್ದಾಗಿತ್ತು. ಹಿಡಿದವರಿಗೆ ಗೆಲುವು ತರುವ ಬಾವುಟದ ಹತ್ತಿರ ಹನೀನ್ ಗಾಯಗೊಂಡು ಬಿದ್ದು, ರುಲಾ, ಎತ್ತೇ ನನ್ನ ಎಂದು ಕಿರುಚುತ್ತಿದ್ದಳು. ರುಲಾ ಒಂದು ಕ್ಷಣ ನಿಂತಳು. ಆಮೇಲೆ ಅವಳನ್ನು ದಾಟಿಕೊಂಡು ಓಡಿ ಬಾವುಟ ಹಿಡಿದಳು.

ನಾವು ಗೆದ್ದಿದ್ದೆವು. ಬಹುಮಾನದ ಕಪ್ಪು ನನ್ನ ಕೈಗೆ ಬಂದಾಗ ನಾನು ಎಲ್ಲರೆದುರು ಅತ್ತೆ, ಅದಕ್ಕೂ ನನಗೆ ನಾಚಿಕೆಯಿಲ್ಲ. ಹನೀನ್ ಒಂದು ಕಡೆ ರುಲಾಳನ್ನು ತಬ್ಬಿಕೊಂಡು ಇನ್ನೊಂದು ಕಡೆ ಅವಳ ಬೆನ್ನಿಗೆ ಗುದ್ದುತ್ತಿದ್ದಳು. ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಹಿಂದೆ ಜನರ ಗದ್ದಲ, ಪಾತ್ರೆಗಳ ಸದ್ದು. ಮೊಸರು ಒಡೆದಿದೆ, ಆದರೂ ಪಾಷಾ ತಿನ್ನುತ್ತಿದ್ದಾರೆ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಏನಾಯ್ತಮ್ಮ?"

"ಗೆದ್ವಿ ಅಪ್ಪಾ."

 ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ, "ಹೇಗೆ ಗೆದ್ರಿ, ಹೇಳು ಹೇಳು," ಎಂದರು.

"ಹನೀನ್ ಬಿದ್ದಿದ್ದಳು. ರುಲಾ ಅವಳನ್ನ ಅಲ್ಲೇ ಬಿಟ್ಟು ಓಡಿಹೋಗಿ ಬಾವುಟ ಹಿಡಿದಳು."

"ಬಿಟ್ಟು ಓಡಿದಳಾ?"

"ಹೂಂ."

"ಹನೀನ್?"

"ಸತ್ತಳು. ಆಟದಲ್ಲಿ."

ಆ ಕಡೆ ಪಾತ್ರೆಯೊಂದು ಕೈಜಾರಿ ಬಿದ್ದ ಸದ್ದು. ಮತ್ತೆ ಬಂದ ದನಿ ಎಷ್ಟು ತಗ್ಗಿತ್ತೆಂದರೆ ನಾನು ಇನ್ನೊಂದು ಕಿವಿ ಮುಚ್ಚಿಕೊಳ್ಳಬೇಕಾಯಿತು.

"ಮಗಳೇ, ಅಬೂ ಗಾಲಿಬ್ ಇಲ್ಲೇ ಪಕ್ಕದಲ್ಲಿದ್ದಾರೆ. ಪಾಷಾ ಕೈ ತೊಳೀತಾ ಇದ್ದಾರೆ. ಒಂದು ಹರಿವಾಣಾನೂ ಇನ್ನೂ ಉಜ್ಜಿಲ್ಲ ನಾನು. ಇನ್ನೊಂದು ಜಾಹಾ ಆದ್ರೆ ನನ್ನ ಕೈಲಾಗಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಸೋತ್ವಿ ಅಂತ ಹೇಳು."

ಹೀಗಾಗಿ ಇರ್ಬಿದ್ ಊರಿನಲ್ಲಿ ಇವತ್ತಿಗೂ ನಾವು ಸೋತವರು. ಬಹುಮಾನದ ಕಪ್ಪು ಪಾರ್ಲರಿನ ಕಪಾಟಿನಲ್ಲಿ ಶಾಂಪೂ ಬಾಟಲಿಗಳ ನಡುವೆ ಕೂತಿದೆ. ನೋಡಿದವರು ಮದುವಣಗಿತ್ತಿಯ ಅಲಂಕಾರಕ್ಕೆ ಬಂದದ್ದೆಂದು ತಿಳಿದು ತಮ್ಮ ಹೆಣ್ಣುಮಕ್ಕಳನ್ನು ಕರೆತರುತ್ತಾರೆ, ಉಮ್ ಬಾಸಿಲ್ ಇಲ್ಲವೆನ್ನುವುದಿಲ್ಲ. ಮನೆಗೆ ನೆಂಟರು ಬಂದಾಗ ಅಪ್ಪ ಎಲ್ಲರ ಮುಂದೆ ನನ್ನ ತಲೆ ಸವರಿ, ಸೋಲು ಗೆಲುವು ಇದ್ದದ್ದೇ, ಎದೆಗುಂದಬೇಡ ಎಂದು ಸಮಾಧಾನ ಹೇಳುತ್ತಾರೆ. ಎಷ್ಟು ಮನಮುಟ್ಟುವ ಹಾಗೆ ಹೇಳುತ್ತಾರೆಂದರೆ, ಒಮ್ಮೊಮ್ಮೆ ನನಗೇ ಸೋತದ್ದು ನೆನಪಾಗಿ ಕಣ್ಣು ತುಂಬುತ್ತದೆ.